ದೇವರು ಕೈಬಿಡುವುದಿಲ್ಲ ಎಂದು ಹೇಳುವ ಕೆಲಸ

ಉಪದೇಶಿ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಮೊನ್ನೆ ಮನೆಗೆ ಬಂದಿದ್ದರು. "ಮಾಸ್ತರ್ರ, ನಿಮ್ಮ ಅನುಭವಾ ಒಂದೀಟು ಬರದ ಕೊಡ್ರಿ, ನಮಗ ಉಪಯೋಗ ಆಗ್ತೈತಿ" ಅಂದರು. ಇಬ್ಬರ ಹೆಗಲಲ್ಲೂ ಹೊಸ ಬ್ಯಾಗು, ಮುಖದಲ್ಲಿ ನಗು. ಆ ನಗು ನೋಡಿ ನನಗೆ ಸಂಕಟವಾಯಿತು. ಬರೆಯುತ್ತೇನೆ. ಓದಿದ ಮೇಲೆ ಕೆಲಸ ಬಿಟ್ಟು ಹೋದರೆ ಮಾತ್ರ ಫಾದರ್ ನನ್ನನ್ನು ಬೈಯಬಾರದು.

ಪಾದ್ರಿಗಳು ತಿಂಗಳಿಗೊಮ್ಮೆ ಮಾತ್ರ ಬರುವ ಹಳ್ಳಿಗಳಲ್ಲಿ ಉಳಿದ ದಿನಗಳಿಗೆಂದು ಇಟ್ಟ ಆಳು ಉಪದೇಶಿ. ಭಾನುವಾರ ಗಂಟೆ ಹೊಡೆದು ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಜಪ ಕಲಿಸುವುದು, ಕಾಯಿಲೆ ಬಿದ್ದವರ ಮನೆಗೆ ಹೋಗುವುದು, ಯಾರಾದರೂ ಸತ್ತರೆ ಗುಂಡಿ ತೋಡಲು ಜನ ಹೊಂದಿಸುವುದು, ಇಷ್ಟನ್ನು ಮೊದಲೇ ಹೇಳಿರುತ್ತಾರೆ. ಹೇಳದೆ ಬಿಟ್ಟದ್ದು ಇನ್ನೂ ಇದೆ. ಚರ್ಚಿನೊಳಗೆ ಸೇರಿಕೊಂಡ ಬಾವಲಿ ಓಡಿಸಬೇಕು, ಕುಡಿದು ಬಂದವನನ್ನು ಪೂಸಿ ಹೊಡೆದು ಹೊರಗೆ ಕೂರಿಸಬೇಕು, ಹಳಿಯಾಳದ ಬಸ್ ನಿಲ್ದಾಣದಲ್ಲಿ ಬಾರದ ಬಸ್ಸಿಗಾಗಿ ಕಾಯಬೇಕು. ನನ್ನ ಆಯುಷ್ಯದಲ್ಲಿ ಅತಿ ಹೆಚ್ಚು ಮಾಡಿದ ಕೆಲಸ ಈ ಕೊನೆಯದೇ. ಬಡ್ತಿ ಅನ್ನುವುದು ನಮ್ಮಲ್ಲಿಲ್ಲ. ಸೇರಿದಾಗ ಉಪದೇಶಿ, ಬಿಟ್ಟಾಗ ಮುದಿ ಉಪದೇಶಿ.

ನಾನು ಸಿದ್ದಿಗಳ ಪೈಕಿ. ನಮ್ಮ ಮೂಲ ಆಫ್ರಿಕಾ ಎಂದು ಓದಿದವರು ಆಗಾಗ ಬಂದು ನಮಗೆ ತಿಳಿಸಿ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಮ್ಮ ಅವ್ವನಿಗೆ ಅದೇನೂ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮೊದಲು "ದೇವರ, ನಿನ್ನ ಉಪಕಾರ" ಅನ್ನಬೇಕು ಎಂಬುದಷ್ಟೇ ಅವಳಿಗೆ ಗೊತ್ತು. ಮನೆಯಲ್ಲಿ ಗಂಜಿ ಇದ್ದರೂ ಅನ್ನಬೇಕು, ಇಲ್ಲದಿದ್ದರೂ ಅನ್ನಬೇಕು. ಆ ಮಾತು ಹೇಳಿ ಎದ್ದಳೆಂದರೆ ಕಾಡಿಗೆ ಹೋಗಿ ಕಟ್ಟಿಗೆ ಹೊರುವುದಕ್ಕೂ, ಗೌಡರ ಗದ್ದೆಯಲ್ಲಿ ಬಗ್ಗುವುದಕ್ಕೂ ಅವಳಿಗೆ ಬಲ ಬರುತ್ತಿತ್ತು. ನಾನು ಈ ಕೆಲಸಕ್ಕೆ ಬಂದದ್ದು ಅವಳನ್ನು ನೋಡಿ. ದೇವರು ಒಳ್ಳೆಯವನು, ಕೊಟ್ಟ ಮಾತಿಗೆ ತಪ್ಪುವವನಲ್ಲ, ಅದನ್ನು ಮನೆಮನೆಗೆ ಹೋಗಿ ಹೇಳುವುದರಲ್ಲಿ ಏನು ಕಷ್ಟ ಅಂದುಕೊಂಡಿದ್ದೆ.

ಮೊದಲು ನನ್ನನ್ನು ಹಾಕಿದ್ದು ಮುಂಡಗೋಡದ ಕಡೆ, ಮಳಗಿಯ ಸುತ್ತಲಿನ ಹಳ್ಳಿಗಳಿಗೆ. ಆ ವರ್ಷ ಮಳೆ ಸತಾಯಿಸಿತು. ಬಿತ್ತಿದ ಭತ್ತ ಮೊಳಕೆಯಲ್ಲೇ ಹಳದಿಯಾಗುತ್ತಿತ್ತು. ಜನ ಬಂದು ಕೇಳಿಕೊಂಡರು, ನಾನು ಭಾನುವಾರ ಗಂಟಲು ಬಿಟ್ಟು ಮಳೆಗಾಗಿ ಪ್ರಾರ್ಥನೆ ಮಾಡಿದೆ. ಸಂಜೆಗೇ ಮಳೆ ಹೊಯ್ಯಿತು. ಹೊಸ ಉಪದೇಶಿ, ವಯಸ್ಸು ಚಿಕ್ಕದು, ಮರುದಿನ ಊರಲ್ಲಿ ಎದೆ ಉಬ್ಬಿಸಿಕೊಂಡೇ ಓಡಾಡಿದೆ. ಇಟ್ಟಂಗಿ ಭಟ್ಟಿಯ ಪೆದ್ರು ದಾರಿಗೆ ಅಡ್ಡ ಬಂದು ನಿಂತ.

"ಮಾಸ್ತರ್ರ, ನಿಮ್ಮ ಪ್ರಾರ್ಥನಾ ಭಾಳ ಜೋರೈತ್ರಿ."

"ನನ್ನದೇನೈತಿ, ಎಲ್ಲಾ ದೇವರದು" ಅಂದೆ, ವಿನಯದಿಂದ.

"ಹೌದ್ರಿ. ಸುಡಾಕ ಒಣಗಿಸಿದ್ದ ನನ್ನ ಹಸಿ ಇಟ್ಟಂಗಿ ಎಲ್ಲಾ ಕರಗಿ ಮಣ್ಣಾದವು. ನಾನೂ ಅಲ್ಲೇ ನಿಮ್ಮ ಬೆನ್ನ ಹಿಂದ ಮೊಣಕಾಲೂರಿ, ಇನ್ನೊಂದ ವಾರ ಮಳಿ ತಡಿಯಪಾ ಅಂತ ಕೇಳ್ಕೊಂಡಿದ್ನಿ. ಮುಂದಿನ ಸಲ ಪ್ರಾರ್ಥನಾ ಮಾಡೂ ಮೊದಲ ನಮ್ಮನ್ನೂ ಒಂದ ಮಾತ ಕೇಳ್ರಿ."

ಆಗ ನಮಗಿದ್ದ ಫಾದರ್ ಮಂಗಳೂರು ಕಡೆಯವರು, ವಯಸ್ಸಾದವರು. ಅವರಿಗೆ ಹೋಗಿ ಹೇಳಿದೆ. ಅವರು ನಕ್ಕು, "ಇನ್ನು ಮೇಲೆ 'ಬೇಕಾದಷ್ಟು ಮಳೆ ಕೊಡು' ಅಂತ ಹೇಳು ಮಾರಾಯಾ, ಎಷ್ಟು ಬೇಕು ಅಂತ ಅವರವರೇ ನೋಡಿಕೊಳ್ಳಲಿ" ಅಂದರು. ಕೆಲಸ ಬಿಡುವ ತನಕ ನಾನು ಹಾಗೇ ಹೇಳಿದೆ. ಪೆದ್ರುವಿನ ಮುಖ ಮಾತ್ರ ಮರೆಯಲಿಲ್ಲ. ಆ ದಿನ ಇಡೀ ಊರು ದೇವರು ಒಳ್ಳೆಯವನು ಅನ್ನುತ್ತಿತ್ತು, ಅವನೊಬ್ಬ ಕೆಸರಿನ ಗುಡ್ಡೆಯ ಮುಂದೆ ಕುಳಿತಿದ್ದ.

ಆ ಫಾದರ್ ನನಗೆ ಕೆಲಸ ಕಲಿಸಿದವರು. ಯಾರ ಮನೆಗೆ ಹೋದರೂ ಅವರು ಕೊಟ್ಟದ್ದನ್ನು ತಿನ್ನದೆ ದೇವರ ಮಾತು ಎತ್ತಕೂಡದು ಅನ್ನುತ್ತಿದ್ದರು. ಹಲಸಿನ ಬೀಜ ಕೊಟ್ಟರೆ ಹಲಸಿನ ಬೀಜ, ಬರೀ ನೀರು ಕೊಟ್ಟರೆ ನೀರು. ಅವರ ನಂತರ ಬಂದವರೊಬ್ಬರಿಗೆ ನಡೆಯಲು ಮೊಣಕಾಲು ನೋವು, ಇನ್ನೊಬ್ಬರಿಗೆ ನಮ್ಮ ಡಮಾಮಿ ಡೋಲಿನ ಬಡಿತ ಕೇಳಿದರೆ ತಲೆನೋವು. ಈಗಿನ ಫಾದರ್ ಚಿಕ್ಕ ವಯಸ್ಸಿನವರು, ಗಿಟಾರು ಬಾರಿಸುತ್ತಾರೆ. ಪ್ರತಿದಿನ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರದ ಮೇಲೆ ದೇವರ ವಾಕ್ಯ ಬರೆದು ಎಲ್ಲರ ಮೊಬೈಲಿಗೆ ಕಳಿಸುತ್ತಾರೆ. ಜನ ಅದಕ್ಕೆ ಕೈ ಮುಗಿದ ಚಿತ್ರ ಒತ್ತುತ್ತಾರೆ. ನಾನು ಬಿಸಿಲಲ್ಲಿ ನಡೆದು ಹೋಗಿ ಹೇಳುತ್ತಿದ್ದ ಮಾತೇ ಅದು. ಹೇಳಿದವನ ಮುಖ ಈಗ ಯಾರಿಗೂ ಕಾಣುವುದಿಲ್ಲ, ಕೇಳಿದವರ ಮುಖ ಹೇಳುವವನಿಗೂ ಕಾಣುವುದಿಲ್ಲ. ಒಮ್ಮೊಮ್ಮೆ ಅದೇ ಒಳ್ಳೆಯದೇನೋ ಅನ್ನಿಸುತ್ತದೆ.

ಯಾಕೆಂದರೆ ಮುಖ ನೋಡಿ ಹೇಳುವುದು ಕಷ್ಟ. ಜೋಯಿಡಾದಲ್ಲಿದ್ದಾಗ ಮುರುಗಲ ಹಣ್ಣು ಆರಿಸಲು ಹೋದವನೊಬ್ಬನ ಮೇಲೆ ಕರಡಿ ಬಿತ್ತು. ಒಂದು ಕಣ್ಣು, ಅರ್ಧ ಕೆನ್ನೆ ಹೋಯಿತು, ಜೀವ ಉಳಿಯಿತು. ಆಸ್ಪತ್ರೆಯಿಂದ ಬಂದ ದಿನ ಮನೆಯವರು ಕೃತಜ್ಞತೆಯ ಪ್ರಾರ್ಥನೆ ಇಟ್ಟುಕೊಂಡರು. ಎಲ್ಲ ಮುಗಿದು ಜನ ಚದುರಿದ ಮೇಲೆ ಅವನು ನನ್ನ ಕೈ ಹಿಡಿದು ಕೊಂಕಣಿಯಲ್ಲಿ ಮೆಲ್ಲಗೆ ಕೇಳಿದ: ಆ ಕರಡಿಯನ್ನು ಅವತ್ತು ಬೇರೆ ದಾರಿಗೆ ತಿರುಗಿಸಿದ್ದರೆ ದೇವರಿಗೆ ಏನು ತ್ರಾಸಾಗುತ್ತಿತ್ತು? ಜೀವ ಉಳಿಯಿತಲ್ಲ ಅಂದೆ. ಅವನು ಮುಖದ ಮೇಲೆ ವಸ್ತ್ರ ಎಳೆದುಕೊಂಡು ಗೋಡೆಯ ಕಡೆ ತಿರುಗಿದ. ನೀವೂ ಇಂಥವನ ಎದುರು ಒಂದು ದಿನ ಕೂರುತ್ತೀರಿ. ತರಬೇತಿಯಲ್ಲಿ ಕೊಟ್ಟ ಉತ್ತರಗಳು ಅಲ್ಲಿ ನಿಲ್ಲುವುದಿಲ್ಲ.

ಈಗ ಪಾವ್ಲಿನಕ್ಕನ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಬರೆಯಲು ಕುಳಿತದ್ದೇ ಇದಕ್ಕೆ.

ಕೊನೆಯ ವರ್ಷಗಳಲ್ಲಿ ನನ್ನನ್ನು ಹಳಿಯಾಳದ ಕಡೆಗೆ, ನಮ್ಮ ಸ್ವಂತ ಜನರ ನಡುವೆಯೇ ಹಾಕಿದ್ದರು. ಪಾವ್ಲಿನಕ್ಕ ನಮ್ಮ ಓಣಿಯ ವಿಧವೆ. ಅವಳಿಗೆ ಸಾಂತಾನ್ ಅಂತ ಒಬ್ಬನೇ ಮಗ. ನಮ್ಮ ಹುಡುಗರು ಹೋಗುವಂತೆ ಅವನೂ ಗೋವಾಕ್ಕೆ ಮೀನಿನ ಬೋಟಿನ ಕೆಲಸಕ್ಕೆ ಹೋದ. ಹೋಗುವ ಮುಂಚಿನ ಬೇಸಿಗೆಯಲ್ಲಿ ರೋಜಿ ಅನ್ನುವ ಹುಡುಗಿಯ ಜೊತೆ ಅವನ ಮದುವೆಯಾಗಿತ್ತು. ಒಂದು ದಿನ ಬೋಟು ಮಗುಚಿತು. ಕೆಲವರು ಈಜಿ ದಡ ಸೇರಿದರು, ಕೆಲವರ ಹೆಣ ಸಿಕ್ಕಿತು. ಸಾಂತಾನ್ ಬರಲೂ ಇಲ್ಲ, ಸಿಗಲೂ ಇಲ್ಲ.

ಸುದ್ದಿ ಬಂದ ದಿನ ನಾನು ಹೋಗಿ ಪಾವ್ಲಿನಕ್ಕನ ಪಕ್ಕ ಕುಳಿತೆ. "ಅಕ್ಕಾ, ದೇವರು ಕೈ ಬಿಡಂಗಿಲ್ಲ" ಅಂದೆ. ತಪ್ಪು ಹೇಳಿದೆ ಎಂದು ಈಗಲೂ ಅನ್ನಿಸುವುದಿಲ್ಲ. ಅಂಥ ಮನೆಗೆ ಹೋದವರು ಬೇರೆ ಏನು ಹೇಳುತ್ತಾರೆ? ಆದರೆ ನಾವು ಹೇಳುವ ಮಾತನ್ನು ಜನ ಸಾಮಾನ್ಯವಾಗಿ ಅರ್ಧ ಕಿವಿಯಿಂದ ಕೇಳುತ್ತಾರೆ. ಪಾವ್ಲಿನಕ್ಕ ಪೂರ್ತಿ ಕೇಳಿದಳು. ದೇವರು ಕೈಬಿಡುವುದಿಲ್ಲವೆಂದರೆ ಮಗ ಬರುತ್ತಾನೆ, ಅಷ್ಟೇ. ಅಳು ನಿಲ್ಲಿಸಿ ಎದ್ದಳು. ಮರುವಾರವೇ ಕಬ್ಬು ಕಡಿಯಲು ಹೋದಳು.

ಅವಳಿಗೆ ತಲೆ ಕೆಟ್ಟಿತ್ತು ಅಂದುಕೊಳ್ಳಬೇಡಿ. ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ನೀರು ಕಾಯಿಸಲು ಮೊದಲು ಹೋಗುವವಳು ಅವಳೇ. ಮಾತಿಗೊಮ್ಮೆ ನಗುತ್ತಿದ್ದಳು. ಯಾರಾದರೂ ಅಯ್ಯೋ ಪಾಪ ಎಂಬ ಮುಖ ಮಾಡಿದರೆ, "ನನ್ನ ದೇವರು ಮಾತಿನವ ಅದಾನ, ನೀವು ಸುಮ್ನಿರ್ರಿ" ಅನ್ನುತ್ತಿದ್ದಳು. ಭಾನುವಾರ ಪ್ರಯಾಣದಲ್ಲಿರುವವರಿಗಾಗಿ ಪ್ರಾರ್ಥನೆ ಮಾಡುವಾಗ ಸಾಂತಾನನ ಹೆಸರು ಹೇಳಲೇಬೇಕು. ಸತ್ತವರ ಪ್ರಾರ್ಥನೆ ಶುರುವಾದ ಕೂಡಲೇ ಅವಳು ತಲೆಯೆತ್ತಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಎಲ್ಲಿ ಆ ಹೆಸರು ಅಲ್ಲಿ ಬಂದುಬಿಡುತ್ತದೋ ಅಂತ. ನಾನು ಒಮ್ಮೆಯೂ ಹೇಳಲಿಲ್ಲ. ದೇವರ ನಂಬಿಕೆಯ ಮೇಲೆ ದಿನ ದೂಡುವುದು ಅಂದರೇನು ಎಂದು ಯಾರಾದರೂ ಕೇಳಿದ್ದರೆ ಅವಳ ಕಡೆ ಬೆರಳು ತೋರಿಸುತ್ತಿದ್ದೆ.

ನಮ್ಮಲ್ಲಿ ಹಿರಿಯರ ಪೂಜೆ ಅಂತ ಇದೆ. ಸಿದ್ದಿಗಳು ಹಿಂದೂ ಆಗಿರಲಿ, ಮುಸಲ್ಮಾನರಾಗಿರಲಿ, ನಮ್ಮಂತೆ ಕ್ರೈಸ್ತರಾಗಿರಲಿ, ಹಿರಿಯರನ್ನು ಬಿಟ್ಟವರಿಲ್ಲ. ಅಡುಗೆಮನೆಯ ಮೂಲೆಯಲ್ಲಿ ತೆಂಗಿನಕಾಯಿ ಇಟ್ಟು, ದೀಪ ಹಚ್ಚಿ, ಅನ್ನ ಕೋಳಿಸಾರು ಮಾಡಿ, ಮನೆಯಲ್ಲಿ ಸತ್ತವರ ಹೆಸರು ಹಿಡಿದು ಒಬ್ಬೊಬ್ಬರಿಗೂ ಎಲೆ ಹಾಕಿ ಬಡಿಸುತ್ತೇವೆ. ನಮ್ಮ ಮನೆಯಲ್ಲಿ ಶಿಲುಬೆಯೂ ಪಕ್ಕದಲ್ಲೇ ಇರುತ್ತದೆ. ತಲೆನೋವಿನ ಫಾದರ್ ಇದನ್ನು ಬಿಡಿಸಲು ನೋಡಿ ಸೋತರು. ಎಲೆ ಬಿದ್ದವನು ಸತ್ತವನು, ಅದರಲ್ಲಿ ನಮ್ಮವರಿಗೆ ಸಂಶಯವಿಲ್ಲ. ಬೋಟು ಮುಳುಗಿದ ಮರುವರ್ಷ ಪಾವ್ಲಿನಕ್ಕನ ಮನೆಯಲ್ಲಿ ಅವಳ ಮೈದುನ, ಅವಳನ್ನು ಕೇಳದೆಯೇ, ಸಾಂತಾನನ ಹೆಸರಿಗೂ ಒಂದು ಎಲೆ ಹಾಕಿಬಿಟ್ಟ. ದುಃಖದಿಂದಲೇ ಹಾಕಿದ, ಪಾಪ. ಪಾವ್ಲಿನಕ್ಕ ಎದ್ದು ಬಂದಳು. ಎಲ್ಲರೂ ನೋಡುತ್ತಿದ್ದಂತೆ ಆ ಎಲೆಯ ಮುಂದೆ ಕುಳಿತು, ಅದರಲ್ಲಿದ್ದ ಅನ್ನವನ್ನೆಲ್ಲ ತಾನೇ ಉಂಡಳು. ಹಿರಿಯರಿಗೆ ಇಟ್ಟದ್ದನ್ನು ಹಾಗೆ ಮುಟ್ಟಿದವರನ್ನು ನಾನು ಕಂಡಿರಲಿಲ್ಲ. ಕೈ ತೊಳೆದು, "ನನ್ನ ಮಗ ಬಂದ ಮ್ಯಾಲೆ ಅವನ ಊಟಾ ಅವನ ಉಣ್ತಾನ" ಅಂದಳು. ಮುಂದೆ ಯಾರೂ ಆ ಸುದ್ದಿಗೆ ಹೋಗಲಿಲ್ಲ.

ರೋಜಿ ಮಾತ್ರ ಆ ಮನೆಯಲ್ಲೇ ಉಳಿದಳು. ಅತ್ತೆಯ ಜೊತೆ ಕೂಲಿಗೆ ಹೋಗುವುದು, ಅತ್ತೆಯ ಜೊತೆ ಜಪಕ್ಕೆ ಕೂರುವುದು. ಮಕ್ಕಳಿಲ್ಲ. ಕೆಲವು ವರ್ಷ ಹೀಗೇ ಹೋದವು. ಮುಂಡಗೋಡದ ಕಡೆಯ ಜುಜೆ ಅನ್ನುವವನು, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು, ಅವಳನ್ನು ಮದುವೆಯಾಗುತ್ತೇನೆಂದು ಹೇಳಿ ಕಳಿಸಿದ. ಒಳ್ಳೆಯ ಹುಡುಗ. ಚರ್ಚಿನಲ್ಲಿ ಮದುವೆಯಾಗಬೇಕೆಂದರೆ ಮೊದಲ ಗಂಡ ಸತ್ತಿದ್ದಾನೆಂದು ಮೇಲಿನವರು ಒಪ್ಪಬೇಕು. ಹೆಣ ಸಿಗದಿದ್ದಾಗ ಮನೆಯವರನ್ನು ಕೇಳುತ್ತಾರೆ. ತಾಯಿಯೇ ಬದುಕಿದ್ದಾನೆ ಅಂದರೆ ಮುಗಿಯಿತು. ನಮ್ಮ ಜನರಂತೂ ಎಲೆ ಬೀಳದೆ ಮದುವೆಗೆ ಬರುವವರಲ್ಲ. ಜುಜೆಯ ಮನೆಯವರು ಬೇಸಿಗೆಯವರೆಗೆ ನೋಡುತ್ತೇವೆ, ಆಮೇಲೆ ಬೇರೆ ಹುಡುಗಿ ಅಂದರು.

ರೋಜಿ ಒಂದು ದಿನ ನನ್ನನ್ನು ಚರ್ಚಿನ ಹಿಂದೆ ಬಾವಿಯ ಹತ್ತಿರ ನಿಲ್ಲಿಸಿದಳು.

"ಕಾಕಾ, ಒಂದ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಅತ್ತಿ ದಿನಾ ಅವರು ಬರ್ಲಿ ಅಂತ ದೇವರಿಗಿ ಬೇಡ್ಕೋತಾಳ. ಮೊದಲ ನಾನೂ ಅದನ್ನ ಬೇಡ್ತಿದ್ನಿ. ಈಗ ಅಕಿ ಬಾಜೂಕ ಕುಂತು ನಾ ಬ್ಯಾರೇನ ಬೇಡ್ತೇನಿ. ಒಂದ ಮನಿಯಾಗ ಕುಂತು ಇಬ್ರೂ ಎದರಬದರ ಬೇಡಿದ್ರ ದೇವರು ಯಾರ ಮಾತ ಕೇಳ್ಬೇಕು?"

"ನಿನಗ ದೇವರ ಮ್ಯಾಲೆ ನಂಬಿಕಿ ಐತಿಲ್ಲೋ?"

"ಐತ್ರಿ. ಅದಕ್ಕ ಅಂಜಿಕಿ ಬರ್ತೈತಿ. ನನ್ನ ಮಾತ ಕೇಳಿದ್ನಂದ್ರ ಅತ್ತಿ ಸಾಯ್ತಾಳ."

ದೇವರು ಅತ್ತೆಗೆ ಒಳ್ಳೆಯವನಾದರೆ ಸೊಸೆಯ ಬಾಳು ಹೀಗೇ ಬತ್ತಬೇಕು. ಸೊಸೆಗೆ ಒಳ್ಳೆಯವನಾದರೆ ಅತ್ತೆಯ ಕಾಲ ಕೆಳಗಿನ ನೆಲವೇ ಹೋಗುತ್ತದೆ. ಫಾದರ್‌ಗೆ ಹೇಳಿದೆ. ಗಿಟಾರಿನ ಈ ಫಾದರ್ ಒಳ್ಳೆಯ ಮನಸ್ಸಿನವರು, ಹುಡುಗಿಗೆ ದಾರಿಯಾಗಲೇಬೇಕು ಅಂದರು. "ಆ ತಾಯಿ ನಿಮ್ಮ ಮಾತು ಕೇಳುತ್ತಾರೆ, ನೀವೇ ಹೋಗಿ ಹೇಳಿ" ಅಂದರು.

ಹೋದೆ. ಪಾವ್ಲಿನಕ್ಕ ಸೌತೆಕಾಯಿ ಹೆಚ್ಚಿ ಕೊಟ್ಟಳು. ತಿಂದೆ. ಆಮೇಲೆ ರೋಜಿಯ ಮಾತು ಎತ್ತಿದೆ, ಜುಜೆಯ ಮಾತು ಎತ್ತಿದೆ, ಕೊನೆಗೆ ಸಾಂತಾನನ ಮಾತಿಗೆ ಬಂದೆ. ಅವಳು ಕೊನೆಯತನಕ ಕೇಳಿದಳು.

"ಮಾಸ್ತರ್ರ, ದೇವರು ಕೈ ಬಿಡಂಗಿಲ್ಲ ಅಂತ ಇದ ಜಗಲಿ ಮ್ಯಾಲೆ ಕುಂತು ಹೇಳಿದವ್ರು ನೀವು. ಈಗ ಬಿಟ್ಟಾನ ಅಂತ ಹೇಳಾಕ ಬಂದೀರೇನು?"

"ಹಂಗಲ್ಲಕ್ಕಾ..."

"ಮತ್ತ ಹೆಂಗ? ಹೇಳ್ರಿ."

ಸಾಂತಾನ್ ದೇವರ ಹತ್ತಿರ ಸುಖವಾಗಿದ್ದಾನೆ ಅನ್ನಬಹುದಿತ್ತು. ಎಷ್ಟೋ ಮನೆಗಳಲ್ಲಿ ಅಂದಿದ್ದೇನೆ. ಅವಳ ಮುಖ ನೋಡಿದರೆ ಆ ಮಾತು ನಾಲಿಗೆಯ ಮೇಲೆ ಬರಲಿಲ್ಲ. ಬಾಗಿಲ ಹಿಂದೆ ರೋಜಿ ಮುಸುಮುಸು ಅಳುವುದು ಇಬ್ಬರಿಗೂ ಕೇಳುತ್ತಿತ್ತು. ಪಾವ್ಲಿನಕ್ಕ ಆ ಕಡೆ ತಿರುಗಿ ಕುಳಿತಳು. ನನಗೆ ಹೋಗಿ ಬರ್ರಿ ಅನ್ನಲೂ ಇಲ್ಲ. ನಾನೇ ಎದ್ದು ಬಂದೆ.

ಆ ವರ್ಷದ ಹಿರಿಯರ ಪೂಜೆಗೆ ಅವಳೇ ನನ್ನನ್ನು ಕರೆಸಿದಳು. ಎಲ್ಲರ ಎಲೆ ಬಿದ್ದಿದ್ದವು. ಸಾಲಿನ ಕೊನೆಗೆ ಇನ್ನೊಂದು ಎಲೆಯನ್ನು ತನ್ನ ಕೈಯಾರೆ ಹಾಸಿದಳು. ನೀರು ಚಿಮುಕಿಸಿದಳು, ಅನ್ನ ಬಡಿಸಿದಳು, ಸಾರಿನಲ್ಲಿ ಕೋಳಿಯ ತೊಡೆ ಹುಡುಕಿ ಅದರ ಮೇಲಿಟ್ಟಳು. ಮನೆ ತುಂಬ ಜನ. ರೋಜಿ ಕಂಬಕ್ಕೆ ಒರಗಿ ನಿಂತಿದ್ದಳು. ಪ್ರಾರ್ಥನೆ ಹೇಳಬೇಕಾದವನು ನಾನು. ಪ್ರಾರ್ಥನೆಯ ಪುಸ್ತಕ ತೆರೆದವನು ಮತ್ತೆ ಮುಚ್ಚಿದೆ. ಪಾವ್ಲಿನಕ್ಕ ನನ್ನ ಕಡೆ ನೋಡಿದಳು, ಆಮೇಲೆ ತಾನೇ ಹೇಳಿದಳು.

"ದೇವರ, ನೀ ಕೊಡ್ತಿ ಅಂತ ಇಷ್ಟ ದಿನಾ ಕಾದ್ನಿ. ನೀ ಕೊಡ್ಲಿಲ್ಲ. ಈಗ ನಾನ ಕೊಟ್ನಿ. ಈ ಹುಡಗಿನ್ನರ ಚಂದಂಗ ನೋಡ್ಕೋ."

ಹೆಸರು ಹಿಡಿದು ಮಗನನ್ನು ಊಟಕ್ಕೆ ಕರೆದಳು. ಆಗ ರೋಜಿ ಓಡಿ ಬಂದು ಅವಳ ಕಾಲು ಹಿಡಿದುಕೊಂಡಳು. ಪಾವ್ಲಿನಕ್ಕ ಅಳಲಿಲ್ಲ. ಸೊಸೆಯ ತಲೆಯ ಮೇಲೆ ಕೈಯಿಟ್ಟು ನಿಂತಿದ್ದಳು. ನಾನು ಅಳುತ್ತಿದ್ದೆ.

ಇಷ್ಟು ವರ್ಷ ಕೇಳಿದ, ಹೇಳಿದ ಪ್ರಾರ್ಥನೆಗಳಲ್ಲಿ ಅಷ್ಟು ನೇರವಾದದ್ದನ್ನು ನಾನು ಕೇಳಿಲ್ಲ. ಅದನ್ನು ಕೇಳಿಸಿಕೊಂಡು ದೇವರು ಏನಂದುಕೊಂಡನೋ ಗೊತ್ತಿಲ್ಲ. ನಾನಂತೂ ಅವತ್ತಿನಿಂದ ಬರಿದಾದೆ. ಬೆಳಿಗ್ಗೆ ಎದ್ದಾಗ ಅವ್ವ ಕಲಿಸಿದ ಮಾತು ಹೇಳಲು ನೋಡುತ್ತೇನೆ, ತುಟಿ ಅಲ್ಲಾಡುತ್ತದೆ, ಒಳಗಿನಿಂದ ಏನೂ ಬರುವುದಿಲ್ಲ. ದೇವರು ಇಲ್ಲ ಅನ್ನುವಷ್ಟು ಧೈರ್ಯ ನನಗಿಲ್ಲ. ಇದ್ದಾನೆ, ಒಳ್ಳೆಯವನೂ ಇರಬಹುದು. ಆದರೆ ಒಬ್ಬಳ ನಂಬಿಕೆಯನ್ನು ಕಿತ್ತು ಇನ್ನೊಬ್ಬಳಿಗೆ ಬಾಳು ಕೊಡುವ ಒಳ್ಳೆಯತನ ಎಂಥದು ಎಂದು ನನಗೆ ತಿಳಿಯಲಿಲ್ಲ. ತಿಳಿದವರು ಹೇಳಿದ್ದನ್ನೂ ಕೇಳಿದ್ದೇನೆ, ಅವರ ಮಾತು ನನಗೆ ಹತ್ತಲಿಲ್ಲ. ಮುಂದಿನ ಬೇಸಿಗೆಗೆ ನನಗೆ ನಿವೃತ್ತಿಯಾಯಿತು. ಶಾಲು ಹೊದಿಸಿ, ನನ್ನ ನಂಬಿಕೆ ಬಂಡೆಯಂಥದ್ದು ಎಂದು ಭಾಷಣ ಮಾಡಿದರು. ತಲೆ ತಗ್ಗಿಸಿ ಕುಳಿತಿದ್ದೆ.

ಅದಕ್ಕೆ ಮುಂಚೆ, ಮೇಲಿನವರ ಒಪ್ಪಿಗೆ ಬಂದ ಮೇಲೆ, ನಾನು ನಡೆಸಿಕೊಟ್ಟ ಕೊನೆಯ ಕೆಲಸ ರೋಜಿಯ ಮದುವೆ. ಫಾದರ್ ಗಿಟಾರು ಬಾರಿಸಿದರು, ನಮ್ಮವರು ಡಮಾಮಿ ಬಡಿದು ಕುಣಿದರು. ಪಾವ್ಲಿನಕ್ಕ ತಾಯಿಯ ಜಾಗದಲ್ಲಿ ನಿಂತು ಎಲ್ಲರಿಗೂ ಬಡಿಸಿದಳು, ನಕ್ಕಳು ಕೂಡ. ಮಧ್ಯಾಹ್ನದ ಮೇಲೆ ಟ್ರ್ಯಾಕ್ಟರಿಗೆ ಟ್ರಂಕು, ಪಾತ್ರೆ, ಕೋಳಿಯ ಬುಟ್ಟಿ ಹೇರಿಕೊಂಡು ಜುಜೆ ಮತ್ತು ರೋಜಿ ಮುಂಡಗೋಡದ ದಾರಿ ಹಿಡಿದರು. ಜನ ಅವರವರ ಮನೆಗೆ ಹೋದರು. ಪಾವ್ಲಿನಕ್ಕ ಜಗಲಿಯ ಮೇಲೆ ಕುಳಿತಿದ್ದಳು. ನಾನು ಹೊರಟವನು ಹಾಗೇ ನಿಂತೆ.

"ಮಾಸ್ತರ್ರ," ಅಂದಳು, "ನಾಳಿ ಮುಂಜಾನೆ ನಾ ಯಾಕ ಏಳ್ಬೇಕು?"

ಸಿಟ್ಟಿನಿಂದ ಕೇಳಲಿಲ್ಲ. ದಾರಿ ಕೇಳುವವರ ಹಾಗೆ ಕೇಳಿದಳು. ಈ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಕೆಲಸವಾಗಿತ್ತು. ಆಯುಷ್ಯವೆಲ್ಲ ಅದನ್ನೇ ಹೇಳಿ ಉಂಡಿದ್ದೆ.

"ನಾ ಬರ್ತೇನಲ್ಲಕ್ಕಾ, ಚಹಾ ಕುಡ್ಯಾಕ" ಅಂದೆ.

ಅವಳು ಅಂಗಳ ನೋಡಿದಳು. "ಸಕ್ಕರಿ ತೀರೈತಿ" ಅಂದಳು.

"ನಾನ ತರ್ತೇನಿ."

"ಹಂಗಾರ ಬರ್ರಿ."

ದೇವರ ಹೆಸರನ್ನು ಇಬ್ಬರೂ ಎತ್ತಲಿಲ್ಲ.